ಲೀಗ್ ಇದೆ, ಏಣಿ ಎಲ್ಲಿ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ ವಾರಾಂತ್ಯದ ಫುಟ್‌ಬಾಲ್ ಜೋರಾಗಿದೆ. ಟರ್ಫ್ ಇದೆ, ಲೈಟಿದೆ, ಟ್ರೋಫಿಯಿದೆ. ಗೆದ್ದ ತಂಡ ಮುಂದೆ ಎಲ್ಲಿಗೆ ಹೋಗಬೇಕು ಅಂದರೆ ಮಾತ್ರ ಯಾರ ಹತ್ತಿರವೂ ಉತ್ತರವಿಲ್ಲ.

1977ರಲ್ಲಿ ದೇಶದ ಮೊದಲ ಫೆಡರೇಷನ್ ಕಪ್ ಫುಟ್‌ಬಾಲ್ ಟೂರ್ನಿ ಕೊಚ್ಚಿಯಲ್ಲಿ ನಡೆಯಿತು. ಫೈನಲ್‌ನಲ್ಲಿ ಒಂದು ಕಡೆ ಕೋಲ್ಕತ್ತದ ಮೋಹನ್ ಬಾಗನ್. ಎದುರಿಗಿದ್ದದ್ದು ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯೊಂದರ ತಂಡ: ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಎಲ್ಲರ ಬಾಯಲ್ಲಿ ಐಟಿಐ. ಕಪ್ ಎತ್ತಿದ್ದು ಕಾರ್ಖಾನೆಯವರು, 1–0 ಗೋಲಿನಿಂದ.

1948ರಲ್ಲಿ ಶುರುವಾದ ಆ ಕಾರ್ಖಾನೆ ಇರುವುದು ಹಳೇ ಮದ್ರಾಸ್ ರಸ್ತೆಯ ದೂರವಾಣಿನಗರದಲ್ಲಿ. ವೈಟ್‌ಫೀಲ್ಡ್‌ಗೆ ಹೋಗುವ ನೇರಳೆ ಮೆಟ್ರೊ ಈಗ ಕೆ.ಆರ್. ಪುರದಲ್ಲಿ ಅದರ ಆಸುಪಾಸಿನಲ್ಲೇ ಸಾಗುತ್ತದೆ. ಆ ರೈಲಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಕೂತವರಲ್ಲಿ ಶನಿವಾರ ಬಂತೆಂದರೆ ಸ್ಟಡ್ ಕಟ್ಟುವವರು ಕಡಿಮೆಯೇನಿಲ್ಲ. ಕಂಪನಿಗೊಂದು ತಂಡ, ಅಪಾರ್ಟ್‌ಮೆಂಟಿಗೊಂದು ತಂಡ, ವಾಟ್ಸ್ಆ್ಯಪ್ ಗುಂಪಿಗೊಂದು ತಂಡ. ಆಡುವವರ ಸಂಖ್ಯೆ ನೋಡಿದರೆ ಐಟಿಐ ಕಾಲಕ್ಕಿಂತ ಈಗಲೇ ಫುಟ್‌ಬಾಲ್ ಹೆಚ್ಚಿರಬಹುದು. ಹಾಗಿದ್ದೂ ಈ ಕಡೆಯ ಆಫೀಸ್ ತಂಡವೊಂದು ರಾಜ್ಯದ ಲೀಗಿನಲ್ಲಿ ಆಡಿ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋದೀತೆಂದು ಯಾರೂ ಎಣಿಸುವುದಿಲ್ಲ. ಕಾರಣ ಹುಡುಕಲು ಆಟಗಾರರ ಕಾಲು ನೋಡಬೇಕಾಗಿಲ್ಲ. ಲೀಗ್ ಕಟ್ಟುವ ರೀತಿ ನೋಡಿದರೆ ಸಾಕು.

ಒಂದೇ ಅಂಕಪಟ್ಟಿಯಲ್ಲಿ ಕಾರ್ಖಾನೆ, ಕೇರಿ, ಸೇನೆ

ಬೆಂಗಳೂರಿನ ಅಧಿಕೃತ ಲೀಗ್ ನಡೆಯುವುದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಮತ್ತು ಅದರಡಿಯ ಬೆಂಗಳೂರು ಜಿಲ್ಲಾ ಸಂಸ್ಥೆಯ ಆಶ್ರಯದಲ್ಲಿ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಮೇಲೆ ಸೂಪರ್ ಡಿವಿಷನ್. ಅದರ ಕೆಳಗೆ ಎ, ಬಿ, ಸಿ. ಹೊಸ ಕ್ಲಬ್ ಕೆಳಗಿನಿಂದ ಶುರುಮಾಡಬೇಕು. ಅಂಕಪಟ್ಟಿಯ ತುದಿಯಲ್ಲಿದ್ದವರಿಗೆ ಬಡ್ತಿ, ಬುಡದಲ್ಲಿದ್ದವರಿಗೆ ಹಿಂಬಡ್ತಿ.

ಈ ಪಟ್ಟಿಯಲ್ಲಿ ಯಾರು ಯಾರ ಎದುರು ಆಡಿದರು ನೋಡಿ. ಐಟಿಐ, ಎಚ್‌ಎಎಲ್, ಬೆಮೆಲ್, ಬಿಇಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ. ರಕ್ಷಣಾ ಇಲಾಖೆಯ ಎಲ್‌ಆರ್‌ಡಿಇ. ಸೇನೆಯ ಎಂಇಜಿ ಮತ್ತು ಎಎಸ್‌ಸಿ. ಇವರ ಎದುರಿಗೆ ಆಸ್ಟಿನ್ ಟೌನ್, ಗೌತಮಪುರ, ಹಲಸೂರಿನ ಓಣಿಗಳಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದ ಹುಡುಗರ ಕ್ಲಬ್‌ಗಳು. ದಂಡು ಪ್ರದೇಶದಲ್ಲಿ ಫುಟ್‌ಬಾಲ್ ಮೊದಲಿನಿಂದಲೂ ಇತ್ತು. 1937ರಷ್ಟು ಹಿಂದೆಯೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಸ್ವಾತಂತ್ರ್ಯಾನಂತರ ಬಂದ ಸಾರ್ವಜನಿಕ ಉದ್ದಿಮೆಗಳು ಅದಕ್ಕೆ ಸಂಬಳ ಸೇರಿಸಿದವು. ಚೆನ್ನಾಗಿ ಆಡುವ ಓಣಿಯ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ, ಸಂಜೆ ಅಭ್ಯಾಸಕ್ಕೆ ಬಿಡುವು, ಟೌನ್‌ಶಿಪ್‌ನಲ್ಲಿ ಮೈದಾನ. ಅದೇ ದಾರಿಯಲ್ಲಿ ಬಂದ ಎಚ್‌ಎಎಲ್ 2010–11ರಲ್ಲಿ ದೇಶದ ಆಗಿನ ಅಗ್ರ ಲೀಗ್ ಆಗಿದ್ದ ಐ-ಲೀಗ್ ಆಡಿತು.

ಡಿವಿಷನ್ ಅಂದರೆ ಮೇಲು-ಕೀಳು ಎಂದೇ ಅನೇಕರ ಎಣಿಕೆ. ಸೋಲುವ ತಂಡದ ಕಡೆಯಿಂದ ನೋಡಿದರೆ ಅದು ಮರ್ಯಾದೆ ಕಾಯುವ ಏರ್ಪಾಟು. ವಾರವಾರವೂ 9–0 ಸೋತು ಮನೆಗೆ ಹೋಗುವ ತಂಡ ಮೂರನೇ ವಾರಕ್ಕೆ ಆಟ ಬಿಡುತ್ತದೆ. ಅದೇ ತಂಡವನ್ನು ಸಮಾನರ ನಡುವೆ ಬಿಟ್ಟರೆ 2–1 ಸೋಲುತ್ತದೆ, 1–1 ಡ್ರಾ ಮಾಡುತ್ತದೆ, ಒಂದು ದಿನ ಗೆಲ್ಲುತ್ತದೆ. ಗೆದ್ದವರು ಮೇಲೆ ಹೋಗಲೇಬೇಕು ಎಂಬ ನಿಯಮವೂ ಅಷ್ಟೇ ಮುಖ್ಯ. ಇಲ್ಲದಿದ್ದರೆ ಗಟ್ಟಿ ತಂಡವೊಂದು ಕೆಳಗೇ ಕೂತು ವರ್ಷ ವರ್ಷ ಟ್ರೋಫಿ ಎತ್ತುತ್ತಿರುತ್ತದೆ.

ಲೀಗ್ ಎಂಬುದು ಹುಟ್ಟಿದ್ದೇ ವೇಳಾಪಟ್ಟಿಯ ಸಂಕಟದಿಂದ. 1888ರ ಇಂಗ್ಲೆಂಡಿನಲ್ಲಿ ಕ್ಲಬ್‌ಗಳು ಸ್ನೇಹಪಂದ್ಯ ಗೊತ್ತುಮಾಡಿಕೊಂಡು, ಕಪ್ ಪಂದ್ಯ ಅಡ್ಡ ಬಂದರೆ ಕೊನೆಗಳಿಗೆಯಲ್ಲಿ ಕೈ ಎತ್ತುತ್ತಿದ್ದವು. ಬೇಸತ್ತ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಉಳಿದವರಿಗೆ ಪತ್ರ ಬರೆದರು: ಹತ್ತು ಹನ್ನೆರಡು ಕ್ಲಬ್ ಸೇರಿ ವರ್ಷದ ಪಂದ್ಯಗಳನ್ನು ಮೊದಲೇ ನಿಗದಿ ಮಾಡೋಣ. ಹನ್ನೆರಡು ಕ್ಲಬ್ ಒಪ್ಪಿದವು. ಜಗತ್ತಿನ ಫುಟ್‌ಬಾಲ್ ಲೀಗ್‌ಗಳಿಗೆಲ್ಲ ಅದೇ ಮೊದಲು.

ಭಾನುವಾರಕ್ಕೆ ಮೂವತ್ತೆಂಟು ಪಂದ್ಯ

ಇನ್ನು ಹೊರವಲಯಕ್ಕೆ ಬರೋಣ. ರಾಜ್ಯ ಸರ್ಕಾರದ ಕಿಯೋನಿಕ್ಸ್ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಹದ ಮಾಡಿತು. ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಐಟಿಪಿಎಲ್ ಶುರುವಾದದ್ದು 1990ರ ದಶಕದಲ್ಲಿ. ಹಳೆಯ ಕಾರ್ಖಾನೆಗಳ ಟೌನ್‌ಶಿಪ್ ನಕ್ಷೆಯಲ್ಲಿ ಶಾಲೆ, ಆಸ್ಪತ್ರೆ, ಮೈದಾನಕ್ಕೆ ಜಾಗ ಇರುತ್ತಿತ್ತು. ಟೆಕ್ ಪಾರ್ಕಿನ ನಕ್ಷೆಯಲ್ಲಿ ಆ ಜಾಗ ಪಾರ್ಕಿಂಗಿಗೆ ಹೋಯಿತು. ಒಳಗೇ ಮೈದಾನವಿರುವ ಕ್ಯಾಂಪಸ್‌ಗಳೂ ಇವೆ, ಆದರೆ ಅವುಗಳ ಗೇಟ್ ಹೊರಗಿನವರಿಗೆ ತೆರೆಯುವುದಿಲ್ಲ. ಉಳಿದವರಿಗೆ ಟರ್ಫ್: ಖಾಲಿ ಸೈಟಿಗೆ ಕೃತಕ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ನಾಲ್ಕು ಕಂಬಕ್ಕೆ ಲೈಟು ಬಿಗಿದು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಅಂಕಣ. ಗಂಟೆಗೆ ಸಾವಿರ, ಒಂದೂವರೆ ಸಾವಿರ, ವಾರಾಂತ್ಯದ ಸಂಜೆಗೆ ಇನ್ನೂ ಮೇಲೆ. ಹನ್ನೊಂದು ಜನ ಆಡುವಷ್ಟು ಜಾಗ ಅಲ್ಲಿಲ್ಲ. ಐದೈದು ಜನ, ಹೆಚ್ಚೆಂದರೆ ಏಳೇಳು.

ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುವಾಗ ಟೂರ್ನಿಯ ಸ್ವರೂಪ ತೀರ್ಮಾನಿಸುವುದು ಗಡಿಯಾರ. ಹದಿನಾರು ತಂಡ ಹೆಸರು ಕೊಟ್ಟಿವೆ ಎಂದಿಟ್ಟುಕೊಳ್ಳಿ. ಎಲ್ಲರೂ ಎಲ್ಲರೊಡನೆ ಆಡಬೇಕೆಂದರೆ 120 ಪಂದ್ಯ. ಒಂದು ದಿನಕ್ಕೆ ಸಾಧ್ಯವೇ ಇಲ್ಲ. ಆದ್ದರಿಂದ ನಾಲ್ಕು ಗುಂಪು, ಗುಂಪಿಗೆ ನಾಲ್ಕು ತಂಡ. ಕಳೆದ ಸಲದ ನಾಲ್ಕು ಸೆಮಿಫೈನಲ್ ತಂಡಗಳನ್ನು ನಾಲ್ಕು ಗುಂಪಿಗೆ ಹಂಚಿ, ಉಳಿದವರಿಗೆ ಚೀಟಿ ಎತ್ತುತ್ತಾರೆ. ಗುಂಪಿಗೆ ಆರರಂತೆ 24 ಪಂದ್ಯ. ಮೊದಲೆರಡು ಸ್ಥಾನದವರು ‘ಕಪ್’ ವಿಭಾಗಕ್ಕೆ, ಉಳಿದಿಬ್ಬರು ‘ಪ್ಲೇಟ್’ ವಿಭಾಗಕ್ಕೆ. ಎರಡರಲ್ಲೂ ಕ್ವಾರ್ಟರ್ ಫೈನಲ್ ನಾಲ್ಕು, ಸೆಮಿ ಎರಡು, ಫೈನಲ್ ಒಂದು. ಅಲ್ಲಿಗೆ ಒಟ್ಟು 38. ಪಂದ್ಯಕ್ಕೆ 20 ನಿಮಿಷ, ನಡುವೆ 5 ನಿಮಿಷ ಬಿಡುವು, ಪಕ್ಕಪಕ್ಕದಲ್ಲಿ ಎರಡು ಟರ್ಫ್ ಅಂದರೂ ಎಂಟು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಸೀಟಿ ಊದಿದರೆ ಫೈನಲ್ ಮುಗಿಯುವುದು ಸಂಜೆ ನಾಲ್ಕಕ್ಕೆ, ಅದೂ ಯಾರೂ ತಡ ಮಾಡದಿದ್ದರೆ.

ತಡ ಮಾಡದವರು ಯಾರಿದ್ದಾರೆ! ಗೋಲ್‌ಕೀಪರ್ ಬರುವ ಬಸ್ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಆಯೋಜಕ ಐದು ನಿಮಿಷ ಕಾದು, ಮತ್ತೆ ಐದು ನಿಮಿಷ ಕಾದು, ವಾಕೋವರ್ ಕೊಡುತ್ತಾನೆ. ವಾಕೋವರ್‌ಗೆ ಸಾಮಾನ್ಯವಾಗಿ 3–0. ಕಷ್ಟಪಟ್ಟು 1–0 ಗೆದ್ದವನಿಗೆ ಗೋಲು ವ್ಯತ್ಯಾಸ ಒಂದು. ಬೆಂಚಿನ ಮೇಲೆ ಕೂತು ಕಾಫಿ ಕುಡಿದವನಿಗೆ ಮೂರು. ಗುಂಪಿನಲ್ಲಿ ಇಬ್ಬರಿಗೆ ಅಂಕ ಸಮವಾದಾಗ ಜಗಳ ಇಲ್ಲಿಂದ ಏಳುತ್ತದೆ. ಯುರೋ ಕಪ್‌ನಲ್ಲಿ ಮೊದಲು ನೋಡುವುದು ಆ ಇಬ್ಬರ ನಡುವಿನ ಪಂದ್ಯವನ್ನು. 2022ರ ವಿಶ್ವಕಪ್‌ನಲ್ಲಿ ಮೊದಲು ನೋಡಿದ್ದು ಗೋಲು ವ್ಯತ್ಯಾಸ. ವಾಕೋವರ್ ಮಾಮೂಲಾಗಿರುವ ನಮ್ಮ ಟೂರ್ನಿಗಳಿಗೆ ಯುರೋ ಕ್ರಮವೇ ಒಳ್ಳೆಯದು. ಯಾವುದನ್ನೇ ಆರಿಸಲಿ, ಮೊದಲ ಸೀಟಿಗೆ ಮುಂಚೆ ಬರೆದು ಅಂಟಿಸಿರಬೇಕು.

ಪ್ಲೇಟ್ ವಿಭಾಗ ಇಟ್ಟದ್ದು ಕರುಣೆಯಿಂದಲೂ ಹೌದು, ವ್ಯವಹಾರದಿಂದಲೂ ಹೌದು. ಪ್ರವೇಶ ಶುಲ್ಕ ಕಟ್ಟಿ, ಜೆರ್ಸಿ ಹೊಲಿಸಿ, ಹೊಸಕೋಟೆ ಆಚೆಯಿಂದ ಬಂದ ತಂಡ ಹತ್ತು ಗಂಟೆಗೇ ಮನೆಗೆ ಹೋದರೆ ಮುಂದಿನ ವರ್ಷ ದುಡ್ಡು ಕಟ್ಟುವುದಿಲ್ಲ. ಮಧ್ಯಾಹ್ನಕ್ಕೂ ಅವರಿಗೊಂದು ಪಂದ್ಯ ಬೇಕು. ಒಂದೇ ದಿನದ ಟೂರ್ನಿಯಲ್ಲಿ ಡಿವಿಷನ್ ಅನ್ನುವುದು ಸಿಗುವುದು ಇಷ್ಟು ಮಟ್ಟಿಗೆ: ಬೆಳಿಗ್ಗೆ ಅಳೆದು, ಮಧ್ಯಾಹ್ನ ಸಮಾನರ ಜೊತೆ ಆಡಿಸುವುದು.

ಒಂದು ಹಾಳೆ, ಎಂಟು ಹೆಸರು

ವಾರಕ್ಕೊಂದು ಪಂದ್ಯದಂತೆ ಎರಡು ತಿಂಗಳು ನಡೆಯುವ ಲೀಗ್ ನಡೆಸುವವರ ಕಷ್ಟ ಬೇರೆ. ಅವರ ಮೂಲ ಉಪಕರಣ ಒಂದು ಹಾಳೆ. ಎಂಟು ತಂಡಗಳಿಗೆ ಚೀಟಿ ಎತ್ತಿ ಒಂದರಿಂದ ಎಂಟು ಸಂಖ್ಯೆ ಕೊಡಿ. ಮೇಲಿನ ಸಾಲಿನಲ್ಲಿ 1, 2, 3, 4. ಕೆಳಗಿನ ಸಾಲಿನಲ್ಲಿ 8, 7, 6, 5. ಮೇಲೆ-ಕೆಳಗೆ ಇರುವವರು ಮೊದಲ ವಾರದ ಎದುರಾಳಿಗಳು: 1–8, 2–7, 3–6, 4–5. ಈಗ 1 ಇದ್ದಲ್ಲೇ ಇರಲಿ, ಉಳಿದ ಏಳೂ ಗಡಿಯಾರದ ಮುಳ್ಳಿನಂತೆ ಒಂದೊಂದು ಮನೆ ಸರಿಯಲಿ. ಎರಡನೇ ವಾರ: 1–7, 8–6, 2–5, 3–4. ಹೀಗೆ ಏಳು ವಾರ ಸರಿಸಿದರೆ 28 ಪಂದ್ಯ ಮುಗಿದು, ಎಲ್ಲರೂ ಎಲ್ಲರೊಡನೆ ಒಂದು ಸಲ ಆಡಿರುತ್ತಾರೆ. ತಂಡ ಏಳೇ ಇದ್ದರೆ ಎಂಟನೆಯ ಜಾಗದಲ್ಲಿ ‘ಬೈ’ ಎಂದು ಬರೆದರಾಯಿತು. ಅದರ ಎದುರು ಬಿದ್ದವರಿಗೆ ಆ ವಾರ ವಿರಾಮ.

ಹಾಳೆಯ ಮೇಲೆ ಇಷ್ಟು ಅಚ್ಚುಕಟ್ಟು. ಆಮೇಲೆ ಫೋನ್ ಶುರುವಾಗುತ್ತದೆ.

‘ಅಣ್ಣಾ, ಈ ವಾರ ನಮ್ದು ಪ್ರೊಡಕ್ಷನ್ ರಿಲೀಸು. ಟೀಮಲ್ಲಿ ಆರ್ ಜನ ಆನ್‌ಕಾಲು. ಮುಂದಿನ ವಾರಕ್ಕೆ ಹಾಕಿ.’

‘ಮುಂದಿನ್ ವಾರ ನಿಮ್ದು ಆಗ್ಲೇ ಒಂದ್ ಮ್ಯಾಚಿದೆ ಕಣ್ರೀ.’

‘ಎರಡೂ ಆಡ್ತೀವಿ ಬಿಡಿ.’

ಎರಡೂ ಆಡಲು ಬಂದಾಗ ಎರಡನೆಯದರಲ್ಲಿ ಕಾಲು ಏಳುವುದಿಲ್ಲ, 6–0 ಸೋಲುತ್ತಾರೆ. ಆ ಆರು ಗೋಲಿನಿಂದ ಎದುರಾಳಿ ಸೆಮಿಗೆ ಹೋಗುತ್ತದೆ. ಗೋಲು ವ್ಯತ್ಯಾಸದಲ್ಲಿ ಹಿಂದೆ ಬಿದ್ದ ಮೂರನೆಯವರು ಆಯೋಜಕನನ್ನು ಹಿಡಿಯುತ್ತಾರೆ. ಪಂದ್ಯ ಮುಂದೂಡುವುದು ಇಬ್ಬರ ನಡುವಿನ ಒಪ್ಪಂದದಂತೆ ಕಂಡರೂ ಅದರ ಬಿಲ್ ಬರುವುದು ಮೂರನೆಯವರಿಗೆ. ಅನುಭವಸ್ಥ ಆಯೋಜಕರು ಅದಕ್ಕೇ ವೇಳಾಪಟ್ಟಿಯ ನಡುವೆ ಒಂದೆರಡು ಭಾನುವಾರ ಖಾಲಿ ಬಿಟ್ಟಿರುತ್ತಾರೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಸಂಜೆ ಮಳೆಗೆ ಆ ಎರಡೂ ಸಾಲದೆ ಹೋಗುವುದುಂಟು.

ಕೊನೆಯ ಸುತ್ತಿನ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸಬೇಕು ಎಂಬ ನಿಯಮವೂ ಸುಮ್ಮನೆ ಬಂದದ್ದಲ್ಲ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಗುಂಪಿನ ಪಂದ್ಯಗಳನ್ನು ಒಂದು ದಿನ ಮೊದಲೇ ಮುಗಿಸಿತ್ತು. ಮರುದಿನ ಸ್ಪೇನಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾ ಮೇಲೆ ಒಂದು ಗೋಲು ಹೊಡೆಯಿತು. ಆ ಅಂತರದಲ್ಲಿ ಇಬ್ಬರೂ ಮುಂದಿನ ಸುತ್ತಿಗೆ ಹೋಗುತ್ತಿದ್ದುದರಿಂದ ಉಳಿದ ಹೊತ್ತೆಲ್ಲ ಚೆಂಡನ್ನು ಸುಮ್ಮನೆ ಅತ್ತಿಂದಿತ್ತ ತಳ್ಳಿದರು. ಅಲ್ಜೀರಿಯಾ ಹೊರಬಿತ್ತು. ಅಂದಿನಿಂದ ದೊಡ್ಡ ಟೂರ್ನಿಗಳ ಗುಂಪಿನ ಕೊನೆಯ ಎರಡು ಪಂದ್ಯ ಒಟ್ಟಿಗೆ ಶುರುವಾಗುತ್ತವೆ. ಒಂದೇ ಮೈದಾನ ಇರುವ ಲೀಗಿಗೆ ಆ ಭಾಗ್ಯವಿಲ್ಲ. ಎರಡು ಟರ್ಫ್ ಬಾಡಿಗೆಗೆ ಹಿಡಿದವನು ಈ ಒಂದು ವಿಷಯದಲ್ಲಿ ದೊಡ್ಡ ಕ್ರೀಡಾಂಗಣಕ್ಕಿಂತ ಅನುಕೂಲವಂತ.

ಐಡಿ ಕಾರ್ಡಿನ ಗೆರೆ

ಕಂಪನಿಗಳ ನಡುವಿನ ಟೂರ್ನಿಯಲ್ಲಿ ಮೊದಲ ಸೀಟಿಗೂ ಮುಂಚೆ ಒಂದು ಪಂದ್ಯ ನಡೆಯುತ್ತದೆ, ಪ್ಲಾಸ್ಟಿಕ್ ಟೇಬಲ್ಲಿನ ಮುಂದೆ. ಆಟಗಾರರ ಪಟ್ಟಿ, ಐಡಿ ಕಾರ್ಡ್, ಅನುಮಾನ ಬಂದರೆ ಸಂಬಳದ ಸ್ಲಿಪ್ಪು. ಈ ತಪಾಸಣೆ ಹುಟ್ಟಿದ್ದು ‘ಗೆಸ್ಟ್’ ಆಟಗಾರರಿಂದ. ಸೂಪರ್ ಡಿವಿಷನ್ ಆಡುವ ಹುಡುಗನಿಗೆ ಒಂದು ದಿನದ ಮಟ್ಟಿಗೆ ಕಂಪನಿ ಜೆರ್ಸಿ ತೊಡಿಸಿ ಕಪ್ ಹೊಡೆದುಕೊಂಡು ಹೋದ ಕಥೆ ಎಲ್ಲ ಆಯೋಜಕರ ಬಳಿಯೂ ಇದೆ. ಅಂಥವನು ಎದುರಿಗಿದ್ದರೆ ಗೋಲ್‌ಕೀಪರ್ ಆಗಿ ನಿಂತ ನಲವತ್ತರ ಪ್ರಾಜೆಕ್ಟ್ ಮ್ಯಾನೇಜರ್ ಏನು ಮಾಡಿಯಾನು?

ಆದರೆ ಅದೇ ಟೇಬಲ್ಲು ಇನ್ನೊಂದು ಗೆರೆಯನ್ನೂ ಎಳೆಯುತ್ತದೆ.

‘ಈತಂದು ಕಾರ್ಡ್ ಬೇರೆ ಕಂಪನಿದಲ್ವಾ?’

‘ಸರ್, ನಮ್ ಬಿಲ್ಡಿಂಗಲ್ಲೇ ಕೆಲ್ಸ. ಹೌಸ್‌ಕೀಪಿಂಗ್. ಐದ್ ವರ್ಷದಿಂದ ನಮ್ ಜೊತೆನೇ ಆಡೋದು.’

‘ಗೊತ್ತು ಸರ್. ಪೇರೋಲಲ್ಲಿ ಇರ್ಬೇಕು ಅಂತ ರೂಲು.’

ನಿಯಮ ಬರೆದವರಿಗೆ ಇವನನ್ನು ಹೊರಗಿಡುವ ಉದ್ದೇಶವಿರಲಿಲ್ಲ. ಆದರೂ ಕ್ಯಾಂಪಸ್ಸಿನ ಭದ್ರತಾ ಸಿಬ್ಬಂದಿ, ಕ್ಯಾಂಟೀನಿನವರು, ಕ್ಯಾಬ್ ಚಾಲಕರು ಎಲ್ಲ ಗುತ್ತಿಗೆಯವರು. ಒಂದೇ ಗೇಟಿನಲ್ಲಿ ಒಳಗೆ ಹೋದರೂ ಒಂದೇ ತಂಡದವರಲ್ಲ. ಕಾರ್ಖಾನೆ ತಂಡಗಳ ಕಾಲದಲ್ಲಿ ಆಟ ಬಲ್ಲವನಿಗೆ ಆಟದಿಂದಲೇ ಕೆಲಸ ಸಿಗುತ್ತಿತ್ತು. ಈಗ ಎಂಥ ಕೆಲಸ ಸಿಕ್ಕಿದೆ ಎಂಬುದರ ಮೇಲೆ ಆಟ ನಿಂತಿದೆ. ಇದಕ್ಕೆ ಸುಲಭದ ಪರಿಹಾರ ಇಲ್ಲದಿಲ್ಲ: ಪೇರೋಲ್ ಬದಲು ಒಂದೇ ಕ್ಯಾಂಪಸ್ಸಿನಲ್ಲಿ ಆರು ತಿಂಗಳು ಕೆಲಸ ಮಾಡಿರಬೇಕು ಎಂದು ಬರೆದು, ಫುಟ್‌ಬಾಲ್ ಸಂಸ್ಥೆಯ ಲೀಗಿನಲ್ಲಿ ನೋಂದಾಯಿತರಾದವರು ತಂಡಕ್ಕೆ ಇಬ್ಬರನ್ನು ಮೀರಬಾರದು ಎಂದು ಸೇರಿಸಿದರೆ ಗೆಸ್ಟ್ ಕಾಟವೂ ತಪ್ಪುತ್ತದೆ, ಹೌಸ್‌ಕೀಪಿಂಗ್ ಹುಡುಗನೂ ಆಡುತ್ತಾನೆ.

ಪೀಣ್ಯಕ್ಕೆ ನಾಕೌಟೇ ಗತಿ

ಪೀಣ್ಯದ ಲೆಕ್ಕವೇ ಬೇರೆ. ಜಾಲಹಳ್ಳಿ ಕಡೆ ಬಿಇಎಲ್, ಎಚ್‌ಎಂಟಿಯಂಥ ದೊಡ್ಡ ಕಾರ್ಖಾನೆಗಳಿಗೆ ಕಾಲೊನಿ, ಮೈದಾನ ಇದ್ದವು. ಪಕ್ಕದ ಪೀಣ್ಯ ತುಂಬ ಸಣ್ಣ ಘಟಕಗಳು: ಲೇತ್, ಪ್ರೆಸ್, ಪೌಡರ್ ಕೋಟಿಂಗ್, ಗಾರ್ಮೆಂಟ್. ಇಪ್ಪತ್ತು ಜನರ ವರ್ಕ್‌ಶಾಪಿನಲ್ಲಿ ಏಳು ಜನರ ತಂಡ ಕಟ್ಟುವುದು ಹೇಗೆ? ಹಾಗಾಗಿ ಇಲ್ಲಿ ತಂಡ ಕಟ್ಟುವುದು ಕಂಪನಿಯ ಹೆಸರಲ್ಲಿ ಅಲ್ಲ, ಊರಿನ ಹೆಸರಲ್ಲಿ, ರೂಮಿನ ಹೆಸರಲ್ಲಿ. ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ, ಜಾರ್ಖಂಡ್-ಒಡಿಶಾದಿಂದ, ಕೇರಳದಿಂದ ದುಡಿಯಲು ಬಂದವರಲ್ಲಿ ಅನೇಕರು ಚೆಂಡಿನ ಜೊತೆಗೇ ಬೆಳೆದವರು.

ಇವರು ಆಡುವುದು ಹೆಚ್ಚಾಗಿ ನಾಕೌಟ್. ನಾಕೌಟಿನ ಗಣಿತ ಅಗ್ಗ: ಎಷ್ಟು ತಂಡವೋ ಅದಕ್ಕಿಂತ ಒಂದು ಕಡಿಮೆ ಪಂದ್ಯ. ಹದಿಮೂರು ತಂಡ ಬಂದರೆ 12 ಪಂದ್ಯ, ಮೊದಲ ಸುತ್ತಿಗೆ ಮೂವರಿಗೆ ಬೈ. ಸೋತವರು ಹೊರಡಬಹುದು, ರಾತ್ರಿ ಪಾಳಿಗೆ ಹಾಜರಿ ಹಾಕಬಹುದು. ಪ್ರವೇಶ ಶುಲ್ಕದಲ್ಲೇ ಬಾಡಿಗೆ ಕಳೆದು ಮಿಕ್ಕದ್ದು ನಗದು ಬಹುಮಾನ. ಪಂದ್ಯ ಸಮವಾದರೆ ಹೆಚ್ಚುವರಿ ಸಮಯವಿಲ್ಲ, ಮೂರು ಮೂರು ಪೆನಾಲ್ಟಿ. ಆಗಲೂ ಸಮವಾದರೆ ಸಡನ್ ಡೆತ್.

ಲೀಗ್ ಎಂದರೆ ಸೋತವನಿಗೂ ಮುಂದಿನ ಭಾನುವಾರ ಒಂದು ಪಂದ್ಯ ಕಾದಿಟ್ಟಿರುವುದು. ಅದಕ್ಕೆ ಬಾಡಿಗೆ ಬೇಕು, ಏಳೆಂಟು ವಾರ ಒಂದೇ ದಿನ ರಜೆ ಬೇಕು, ಎರಡು ತಿಂಗಳು ಅದೇ ಊರಲ್ಲಿ ಕೆಲಸ ಇರುತ್ತದೆಂಬ ಖಾತ್ರಿ ಬೇಕು. ತಿಂಗಳ ಸಂಬಳ ಇರುವಲ್ಲಿ ಲೀಗ್, ಕೂಲಿ ನಡೆಯುವಲ್ಲಿ ನಾಕೌಟ್. ಈ ವಿಂಗಡಣೆಯನ್ನು ಯಾವ ಸಂಸ್ಥೆಯೂ ಮಾಡಿಲ್ಲ, ಆದರೂ ಎ ಡಿವಿಷನ್-ಬಿ ಡಿವಿಷನ್‌ಗಿಂತ ಇದೇ ಗಟ್ಟಿ.

ಫೈನಲ್ ಆದ ಮೇಲೆ

ಫೈನಲ್ ಮುಗಿಯಿತು. ಟ್ರೋಫಿ, ಪದಕ, ಬ್ಯಾನರಿನ ಮುಂದೆ ಫೋಟೊ, ಸೋಮವಾರ ಲಿಂಕ್ಡ್‌ಇನ್‌ನಲ್ಲಿ ಪೋಸ್ಟು. ಮುಂದಿನ ವರ್ಷ ಮತ್ತೆ ಶುಲ್ಕ, ಮತ್ತೆ ಚೀಟಿ, ಮತ್ತೆ ಗುಂಪು ಹಂತ. ಮೂರು ವರ್ಷ ಸತತ ಗೆದ್ದ ತಂಡವೂ ನಾಲ್ಕನೇ ವರ್ಷ ಮೊನ್ನೆ ಹುಟ್ಟಿದ ತಂಡದ ಪಕ್ಕದಲ್ಲೇ ನಿಲ್ಲುತ್ತದೆ.

ಅತ್ತ ನಗರದೊಳಗಿನ ಏಣಿ ಇನ್ನೂ ಗಟ್ಟಿಯಾಗಿದೆ. ಸೂಪರ್ ಡಿವಿಷನ್ ಆಡುತ್ತಿದ್ದ ಎಸ್‌ಸಿ ಬೆಂಗಳೂರು 2023–24ರ ಐ-ಲೀಗ್ 2 ಗೆದ್ದು ಐ-ಲೀಗಿಗೆ ಬಡ್ತಿ ಪಡೆಯಿತು. ಮರುವರ್ಷವೇ ಹಿಂಬಡ್ತಿಯನ್ನೂ ಕಂಡಿತು. ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹೆಣ್ಣುಮಕ್ಕಳು 2023ರಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್ ತಲುಪಿದರು. ಅದೇ ವರ್ಷ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಇಂಥ ತಂಡಗಳಿಗೆ ಆಟಗಾರರನ್ನು ಒದಗಿಸುವುದು ಅಶೋಕನಗರದ ಲೀಗೇ.

ವೈಟ್‌ಫೀಲ್ಡಿನ ಚಾಂಪಿಯನ್ನರಿಗೂ ಅಶೋಕನಗರಕ್ಕೂ ಹದಿನೈದಿಪ್ಪತ್ತು ಕಿಲೋಮೀಟರ್. ದೂರ ಈಗ ನೆಪವಾಗಿ ಉಳಿದಿಲ್ಲ: ಪೀಣ್ಯಕ್ಕೆ 2014ರಿಂದ, ವೈಟ್‌ಫೀಲ್ಡಿಗೆ 2023ರಿಂದ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಮೆಟ್ರೊ ಇದೆ. ಅಡ್ಡಿ ಇರುವುದು ಸಮಯದಲ್ಲಿ. ಸಂಸ್ಥೆಯ ಲೀಗ್ ಪಂದ್ಯಗಳು ವಾರದ ದಿನಗಳಲ್ಲೂ ಹಗಲಲ್ಲೂ ಬೀಳುತ್ತವೆ; ಮೈದಾನ ಒಂದು, ಡಿವಿಷನ್ ಹಲವು, ಬೇರೆ ದಾರಿಯಿಲ್ಲ. ಕಾರ್ಖಾನೆ ತನ್ನ ಆಟಗಾರನಿಗೆ ಮಧ್ಯಾಹ್ನ ಬಿಡುವು ಕೊಡುತ್ತಿತ್ತು. ಸಾಫ್ಟ್‌ವೇರ್ ಕಂಪನಿಯವನಿಗೆ ಮಂಗಳವಾರ ಮೂರು ಗಂಟೆಗೆ ಮೀಟಿಂಗ್ ಇರುತ್ತದೆ.

ಎಲ್ಲರಿಗೂ ಮೇಲೇರುವ ಆಸೆ ಇದೆ ಎಂದೂ ಅಲ್ಲ. ಸೋಮವಾರ ಕುಂಟದೆ ಆಫೀಸಿಗೆ ಹೋದರೆ ಸಾಕು ಎನ್ನುವವರೇ ಹೆಚ್ಚು, ಅವರಿಗೆ ಭಾನುವಾರದ ಟರ್ಫ್ ಧಾರಾಳವಾಯಿತು. ಆದರೆ ಪ್ರತಿ ಟೂರ್ನಿಯಲ್ಲೂ ಮೂರ್ನಾಲ್ಕು ಹುಡುಗರು, ಒಂದಿಬ್ಬರು ಹುಡುಗಿಯರು, ಇಲ್ಲಿಗಿಂತ ಮೇಲಿನ ಮಟ್ಟದವರು ಎಂದು ನೋಡಿದವರಿಗೆಲ್ಲ ಗೊತ್ತಾಗುವಂಥವರು ಇರುತ್ತಾರೆ. ಅವರಿಗೆ ಹೇಳಲು ಆಯೋಜಕನ ಬಳಿ ‘ಮುಂದಿನ ವರ್ಷ ಮತ್ತೆ ಬನ್ನಿ’ ಎಂಬುದರ ಹೊರತು ಏನೂ ಇಲ್ಲ.

ಮಾಡಬಹುದಾದದ್ದು ದೊಡ್ಡದೇನಲ್ಲ. ಮೊದಲನೆಯದು, ಟೂರ್ನಿಗಳು ತಮ್ಮ ನಡುವೆಯೇ ಡಿವಿಷನ್ ಮಾಡಿಕೊಳ್ಳಲಿ. ಕಳೆದ ವರ್ಷದ ಅಂಕಪಟ್ಟಿಯನ್ನು ಎಸೆಯುವ ಬದಲು ಈ ವರ್ಷದ ಎ ಮತ್ತು ಬಿ ಗುಂಪಿಗೆ ಅದನ್ನೇ ಆಧಾರ ಮಾಡಲಿ. ಎರಡನೆಯದು, ಕೆಳಗಿನ ಡಿವಿಷನ್‌ಗಳ ಒಂದಷ್ಟು ಪಂದ್ಯವನ್ನು ಸಂಸ್ಥೆ ಹೊರವಲಯದ ಮೈದಾನಗಳಲ್ಲಿ ವಾರಾಂತ್ಯಕ್ಕೆ ಇಡಲಿ. ಹಳೆಯ ಕಾರ್ಖಾನೆ ಕಾಲೊನಿಗಳಲ್ಲಿ ನೆಲ ಉಳಿದಿರುವ ಕಡೆ ಅದನ್ನು ಕೇಳಲು ನಾಚಿಕೆ ಬೇಡ. ಮೂರನೆಯದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಪ್ರಾಯೋಜಕರು ಗೆದ್ದವರಿಗೆ ಆಳೆತ್ತರದ ಟ್ರೋಫಿ ಕೊಡುವ ದುಡ್ಡಿನಲ್ಲಿ ಕ್ಲಬ್ ನೋಂದಣಿಯ ಶುಲ್ಕ ಕಟ್ಟಿ, ಅರ್ಜಿ ತುಂಬಲು ಒಬ್ಬ ಜಾಣ ಕಾರ್ಯದರ್ಶಿಯನ್ನು ಜೊತೆಗೆ ಕೊಡಲಿ. ಹನ್ನೊಂದು ಜನ ಆಡುವ ಆಟಕ್ಕೆ ನಾಲ್ಕು ಜನ ಸಾಲದೆ ಬಂದರೆ ಪೇರೋಲಿನ ಹೊರಗೆ ನಿಂತವರಲ್ಲಿ ಹುಡುಕಲಿ, ಪೀಣ್ಯದಲ್ಲಿ ಹುಡುಕಲಿ. ಹೋಗಲೊಲ್ಲದ ತಂಡ ಆ ಅರ್ಜಿಯನ್ನು ರನ್ನರ್ಸ್ ಅಪ್ ಕೈಗೆ ಕೊಡಬಹುದು. ಹತ್ತರಲ್ಲಿ ಒಂದು ತಂಡ ಸಹಿ ಹಾಕಿದರೂ ಸಾಕು, ಉಳಿದ ಒಂಬತ್ತಕ್ಕೆ ದಾರಿ ಗೊತ್ತಾಗಿರುತ್ತದೆ.